ಫುಲ್ ಡಂಪ್ ಹಾಕುವುದು ದುರಸ್ತಿಯಲ್ಲ

ಮನೆಬಳಕೆಯ ವೈಫೈ ರೂಟರ್‌ನಲ್ಲಿ ತಂತ್ರಾಂಶವೆಲ್ಲ ಕೂತಿರುವುದು ಎಂಟು ಕಾಲಿನ, ಕಿರುಬೆರಳಿನ ಉಗುರಿನಷ್ಟೇ ಇರುವ ಒಂದು ಫ್ಲ್ಯಾಶ್ ಚಿಪ್ಪಿನಲ್ಲಿ. ಚಾಮರಾಜನಗರ, ಗುಂಡ್ಲುಪೇಟೆಯ ಮೊಬೈಲ್ ರಿಪೇರಿ ಅಂಗಡಿಗಳಿಂದ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಆ ಚಿಪ್ಪಿನ ಬಗ್ಗೆ ಚಾಲ್ತಿಯಲ್ಲಿರುವ ತಿಳಿವಳಿಕೆ ಒಂದೇ: ಒಳಗಿರುವುದು ಇಡಿಯಾದ ಒಂದು ಫೈಲು, ಅದು ಕೆಟ್ಟರೆ ಅದೇ ಮಾಡೆಲ್ಲಿನ ಇನ್ನೊಂದು ರೂಟರ್‌ನಿಂದ ಪೂರ್ತಿ ಎತ್ತಿಕೊಂಡು ಇದಕ್ಕೆ ತುಂಬಿದರೆ ಆಯಿತು. ಇದಕ್ಕೆ ಫುಲ್ ಡಂಪ್ ಹಾಕುವುದು ಎನ್ನುತ್ತಾರೆ. ದೀಪ ಹತ್ತುತ್ತದೆ, ಫೋನಿನಲ್ಲಿ ವೈಫೈ ಹೆಸರು ಕಾಣುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಆತ ಒಯ್ಯುವುದು ತಾನು ತಂದ ರೂಟರನ್ನಲ್ಲ. ಬೇರೊಂದು ರೂಟರ್‌ನ ಗುರುತು, ಬೇರೊಂದು ರೇಡಿಯೊದ ಅಳತೆ, ಎಷ್ಟೋ ಸಲ ಬೇರೊಬ್ಬರ ಪಾಸ್‌ವರ್ಡು ತುಂಬಿದ ಪೆಟ್ಟಿಗೆಯನ್ನು. ಫ್ಲ್ಯಾಶ್ ಎಂಬುದು ಒಂದು ಫೈಲಲ್ಲ, ಪಾಲಾದ ಜಾಗ. ಪಾಲು ತಿಳಿಯದೆ ಅದರ ಮೇಲೆ ಕೈಮಾಡುವುದನ್ನು ದುರಸ್ತಿ ಎನ್ನಲಾಗದು.

ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಆರ್841ಎನ್ ಮತ್ತು ಟಿಎಲ್-ಡಬ್ಲ್ಯುಆರ್740ಎನ್ ಕಳೆದ ದಶಕದಲ್ಲಿ ಊರೂರಿಗೆ ತಲುಪಿದ ಅಗ್ಗದ ರೂಟರ್‌ಗಳು. ಅಥೆರಾಸ್ ಪ್ರೊಸೆಸರ್ ಇರುವ ಅವುಗಳ ಆವೃತ್ತಿಗಳಲ್ಲಿ ಫ್ಲ್ಯಾಶ್ 4 ಎಂಬಿ, ಅಂದರೆ 4096 ಕೆಬಿ. ಲಿನಕ್ಸ್ ಕರ್ನಲ್ ಏಳುವಾಗ ಅದರ ಕೈಗೆ ಸಿಗುವ ಆಜ್ಞೆಯ ಸಾಲಿನಲ್ಲಿ ಈ ಜಾಗದ ಹಂಚಿಕೆ ಬರೆದಿರುತ್ತದೆ. ಮೊದಲ 128 ಕೆಬಿ ರೂಟರನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ, ಮುಂದಿನ 1024 ಕರ್ನಲ್‌ಗೆ, 2816 ರೂಟ್ ಫೈಲ್‌ಸಿಸ್ಟಮ್‌ಗೆ, 64 ಬಳಸುವವರ ಹೊಂದಿಕೆಗಳನ್ನಿಡುವ ಕಾನ್ಫಿಗ್‌ಗೆ, ಕೊನೆಯ 64 'ಆರ್ಟ್' ಎಂಬ ಪಾಲಿಗೆ. ಆರ್ಟ್ ಎಂದರೆ ಅಥೆರಾಸ್ ರೇಡಿಯೊ ಟೆಸ್ಟ್. ಕಲೆಗೂ ಅದಕ್ಕೂ ಸಂಬಂಧವಿಲ್ಲ. ಐದನ್ನೂ ಕೂಡಿದರೆ ಸರಿಯಾಗಿ 4096, ಒಂದು ಕೆಬಿಯೂ ಮಿಗುವುದಿಲ್ಲ.

ಈ ಎಲ್ಲೆಗಳನ್ನು ಚಿಪ್ಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾರ್ಡ್‌ಡಿಸ್ಕಿನ ತಲೆಯಲ್ಲಿರುವಂಥ ಪಾರ್ಟಿಷನ್ ಪಟ್ಟಿ ಇಲ್ಲಿಲ್ಲ. ಬಾಂದುಕಲ್ಲು ನೆಡದೆ ಪಹಣಿಯಲ್ಲಷ್ಟೇ ಪೋಡಿಯಾದ ಜಮೀನಿನ ಹಾಗೆ: ಹೊಲದಲ್ಲಿ ನಿಂತು ನೋಡಿದರೆ ಒಂದೇ ಬಯಲು, ದಾಖಲೆಯಲ್ಲಿ ಐದು ಹಿಸ್ಸೆ. ಅಂಗಡಿಯ ಮೇಜಿನ ಮೇಲಿರುವ, ಚಿಪ್ಪನ್ನು ಓದಿ ಬರೆಯುವ ಪ್ರೋಗ್ರಾಮರ್ ಎಂಬ ಯಂತ್ರಕ್ಕೆ ಕಾಣುವುದು ಬಯಲು ಮಾತ್ರ. ಓದು ಎಂದರೆ 4 ಎಂಬಿ ಓದುತ್ತದೆ, ಬರೆ ಎಂದರೆ 4 ಎಂಬಿ ಬರೆಯುತ್ತದೆ. ಫುಲ್ ಡಂಪ್ ವಾದ ಹುಟ್ಟಿರುವುದು ಈ ಯಂತ್ರದ ಕುರುಡಿನಿಂದಲೇ. ಉಪಕರಣಕ್ಕೆ ಕಾಣದ್ದು ಇಲ್ಲವೇ ಇಲ್ಲ ಎಂದು ಕೆಲಸಗಾರ ನಂಬಿಬಿಟ್ಟಿದ್ದಾನೆ.

ಪಾಲಿನ ಅಳತೆಗಳು ಮನಸ್ಸಿಗೆ ಬಂದಂತೆ ಇಟ್ಟವಲ್ಲ. ಈ ಚಿಪ್ಪುಗಳ ಬಗೆಯಾದ ನಾರ್ ಫ್ಲ್ಯಾಶಿನಲ್ಲಿ ಬರೆಯುವುದೆಂದರೆ 1 ಇದ್ದ ಬಿಟ್ಟನ್ನು 0 ಮಾಡುವುದು. 0 ಆದದ್ದನ್ನು ಮತ್ತೆ 1 ಮಾಡಬೇಕಾದರೆ ಬಿಟ್ಟೊಂದನ್ನೇ ತಿದ್ದಲಾಗದು, ಅದಿರುವ ಬ್ಲಾಕನ್ನೇ ಅಳಿಸಬೇಕು. ಆ ಬ್ಲಾಕು ಸಾಮಾನ್ಯವಾಗಿ 64 ಕೆಬಿ. ಮೇಲಿನ ಐದು ಅಂಕಿಗಳೂ 64ರ ಅಪವರ್ತ್ಯಗಳಾಗಿರುವುದು ಈ ಕಾರಣಕ್ಕೆ: ಒಂದು ಪಾಲನ್ನು ಅಳಿಸಿದಾಗ ಪಕ್ಕದ ಪಾಲಿನ ಒಂದು ಬೈಟೂ ಹೋಗಬಾರದು. ಆಯುಷ್ಯದ ಲೆಕ್ಕವೂ ಇದರಲ್ಲಿದೆ. ಇಂಥ ಚಿಪ್ಪಿನ ಪ್ರತಿ ಬ್ಲಾಕನ್ನು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯಬಹುದು ಎಂದು ತಯಾರಕರು ಹೇಳುತ್ತಾರೆ. ವೈಫೈ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಅಳಿಯುವುದು ಕಾನ್ಫಿಗ್ ಪಾಲು. ಕಂಪನಿಯ ಹೊಸ ಫರ್ಮ್‌ವೇರ್ ಹಾಕಿದಾಗ ಅಳಿಯುವುದು ಕರ್ನಲ್ ಮತ್ತು ರೂಟ್ ಫೈಲ್‌ಸಿಸ್ಟಮ್. ಬೂಟ್‌ಲೋಡರ್ ಕಾರ್ಖಾನೆಯಲ್ಲಿ ಬರೆದದ್ದು, ಅಪರೂಪಕ್ಕೆ ಬದಲಾಗುತ್ತದೆ. ಆರ್ಟ್ ಕಾರ್ಖಾನೆ ಬಿಟ್ಟ ಮೇಲೆ ಬದಲಾಗಲೇಬಾರದು. ಬರೆಯುವವರು ಬೇರೆ, ಬರೆಯುವ ಕಾಲ ಬೇರೆ, ಅಳಿದರೆ ಆಗುವ ನಷ್ಟ ಬೇರೆ. ಇಷ್ಟು ಬೇರೆಬೇರೆಯಾದ ಐದನ್ನು ಒಂದೇ ಎಂದು ಹೇಳಲು ಇರುವ ಆಧಾರ ಅವು ಒಂದೇ ಪ್ಲಾಸ್ಟಿಕ್ ಹೊದಿಕೆಯೊಳಗಿವೆ ಎಂಬುದಷ್ಟೇ.

ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಇದೇ ಚಿಪ್ಪನ್ನು ಬೇರೆ ರೀತಿ ಪಾಲು ಮಾಡುತ್ತದೆ. ನಡುವಿನ 3904 ಕೆಬಿಯನ್ನು ಒಂದೇ ಫರ್ಮ್‌ವೇರ್ ಪಾಲೆಂದು ತೆಗೆದುಕೊಂಡು, ಅದರೊಳಗೆ ಕರ್ನಲ್ ಎಲ್ಲಿ ಮುಗಿಯಿತು, ಓದಲಷ್ಟೇ ಬರುವ ಸ್ಕ್ವಾಶ್‌ಎಫ್‌ಎಸ್ ಎಲ್ಲಿ ಮುಗಿಯಿತು ಎಂದು ಏಳುವಾಗಲೇ ಹುಡುಕಿ, ಮುಂದಿನ ಬ್ಲಾಕಿನಿಂದ ಬರೆಯಬಲ್ಲ ಜೆಎಫ್‌ಎಫ್‌ಎಸ್2 ಪಾಲನ್ನು ಶುರುಮಾಡುತ್ತದೆ. ಕಂಪನಿಯ ಕಾನ್ಫಿಗ್ ಪಾಲನ್ನು ಅದು ನುಂಗಿಹಾಕುತ್ತದೆ, ಸಂಕೋಚವಿಲ್ಲದೆ. ಆದರೆ ಮೊದಲ 128 ಮತ್ತು ಕೊನೆಯ 64 ಕೆಬಿಯನ್ನು ಅದೂ ಮುಟ್ಟುವುದಿಲ್ಲ. ಕಂಪನಿಗೂ ಕಂಪನಿಯ ತಂತ್ರಾಂಶವನ್ನು ಕಿತ್ತೆಸೆಯಲೆಂದೇ ಹುಟ್ಟಿದ ಯೋಜನೆಗೂ ಒಮ್ಮತವಿರುವುದು ಈ ಎರಡು ಎಲ್ಲೆಗಳಲ್ಲಿ. ಫುಲ್ ಡಂಪ್ ಹಾಕುವವನು ದಾಟುವುದು ಸರಿಯಾಗಿ ಆ ಎರಡನ್ನೇ.

ಒಂದೇ ಫೈಲು ಎಂಬ ಭ್ರಮೆಗೆ ಕಂಪನಿಗಳ ಪಾಲೂ ಇದೆ. ಅಪ್‌ಗ್ರೇಡ್ ಪುಟದಲ್ಲಿ ಫೈಲು ಆರಿಸಿ, ಗುಂಡಿ ಒತ್ತಿ ಎಂದಷ್ಟೇ ಇರುತ್ತದೆ. ಆ ಫೈಲನ್ನು ಬಿಡಿಸಿ ಎಲ್ಲೆಲ್ಲಿಗೆ ಏನು ಎಂದು ಹಂಚುವ ಕೆಲಸ ರೂಟರ್‌ನೊಳಗೆ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಇದು ಹೊಸದೇನಲ್ಲ. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್‌ನ ಫರ್ಮ್‌ವೇರಿನಲ್ಲೂ ಬ್ರಾಡ್‌ಕಾಮ್‌ನ ಟಿಆರ್‌ಎಕ್ಸ್ ಎಂಬ ತಲೆಬರಹವಿತ್ತು. ಒಳಗಿನ ಭಾಗಗಳು ಎಲ್ಲೆಲ್ಲಿ ಶುರುವಾಗುತ್ತವೆ ಎಂಬ ಲೆಕ್ಕವನ್ನು ಅದು ಹೇಳುತ್ತಿತ್ತು. ಆ ರೂಟರ್‌ನ ಮೂಲ ಕೋಡು ಹೊರಬಿದ್ದ ಮೇಲೆ ಅದರ ಬೆನ್ನಿಗೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಸಾಗಿಸಲು ಅನುಕೂಲವೆಂದು ಒಟ್ಟಿಗೆ ಕಟ್ಟಿದ್ದನ್ನು ಇಡಿಯಾದ ವಸ್ತು ಎಂದು ತಿಳಿದದ್ದು ನೋಡಿದವರ ತಪ್ಪು.

841ರ ಫೈಲುಗಳನ್ನೇ ಹತ್ತಿರದಿಂದ ನೋಡಬಹುದು. ಕಂಪನಿ ಎರಡು ಬಗೆಯ ಫೈಲು ಬಿಡುಗಡೆ ಮಾಡಿದೆ. ಒಂದರ ಗಾತ್ರ 39,32,160 ಬೈಟು. 1024ಕ್ಕೆ ಭಾಗಿಸಿದರೆ 3840 ಕೆಬಿ. ಕರ್ನಲ್‌ನ 1024, ರೂಟ್ ಫೈಲ್‌ಸಿಸ್ಟಮ್‌ನ 2816, ಎರಡೂ ಕೂಡಿದ್ದು ಅಷ್ಟೇ. ಇನ್ನೊಂದರ ಹೆಸರಿನಲ್ಲಿ 'ಬೂಟ್' ಎಂಬ ಪದವಿರುತ್ತದೆ, ಗಾತ್ರ 40,63,744. ವ್ಯತ್ಯಾಸ 1,31,584 ಬೈಟು: 512 ಬೈಟಿನ ಒಂದು ತಲೆಬರಹ ಮತ್ತು 128 ಕೆಬಿ ಬೂಟ್‌ಲೋಡರ್. ಅಂಗಡಿಗಳಲ್ಲಿ ಈ ದೊಡ್ಡ ಫೈಲಿಗೆ ಹೆಚ್ಚು ಮರ್ಯಾದೆ. ಎಲ್ಲ ಇರುವುದರಿಂದ ಇದೇ ಒಳ್ಳೆಯದು ಎಂಬುದು ವಾದ. ಆ ವಾದದ ಗತಿಯೇನು ಎಂದು ಕೂಡುವ ಲೆಕ್ಕ ಹೇಳುತ್ತದೆ. ಕರ್ನಲ್ ಶುರುವಾಗುವ ಜಾಗದಿಂದ, ಅಂದರೆ ಮೊದಲ 1,31,072 ಬೈಟು ಬಿಟ್ಟು, ಈ ಫೈಲನ್ನು ಸಾಲಾಗಿ ಬರೆಯುತ್ತ ಹೋದರೆ ಕೊನೆ ತಲುಪುವುದು 41,94,816ಕ್ಕೆ. ಚಿಪ್ಪು ಮುಗಿಯುವುದು 41,94,304ಕ್ಕೆ. ಕಾನ್ಫಿಗ್ ಹೋಯಿತು, ಆರ್ಟ್ ಹೋಯಿತು, ಮೇಲೆ 512 ಬೈಟಿಗೆ ಜಾಗವೇ ಇಲ್ಲ. ಇಷ್ಟಾದ ಮೇಲೂ ರೂಟರ್ ಏಳುವುದಿಲ್ಲ. ಕರ್ನಲ್ ಇರಬೇಕಾದ ಕಡೆ ಬೂಟ್‌ಲೋಡರ್‌ನ ಎರಡನೇ ಪ್ರತಿ ಕೂತಿರುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಿಂದ ಕಂಪನಿಯ ಫರ್ಮ್‌ವೇರಿಗೆ ಮರಳುವವರಿಗೆ 257 ಎಂಬ ಸಂಖ್ಯೆ ಬಾಯಿಪಾಠ. ಫೈಲಿನ ಮುಂದಿನಿಂದ 512 ಬೈಟಿನ 257 ತುಂಡು ಕತ್ತರಿಸಿ ಎಸೆದರೆ ಒಳಗಿನ 39,32,160 ಬೈಟು ಸ್ವಂತ ತಲೆಬರಹದೊಡನೆ ಹೊರಬರುತ್ತದೆ. ಫರ್ಮ್‌ವೇರ್ ಫೈಲನ್ನು ಪಾಲು ಮಾಡುವುದೆಂದರೆ ಇಷ್ಟೇ, ಒಂದು ಸಾಲಿನ ಆಜ್ಞೆ. ಇದನ್ನು ಕಲಿಯಲು ಪುರಸೊತ್ತಿಲ್ಲ ಎನ್ನುವವರು ಅದಕ್ಕಿಂತ ಹೆಚ್ಚು ಹೊತ್ತನ್ನು ಪೂರ್ತಿ ಡಂಪ್ ಹುಡುಕುವುದರಲ್ಲಿ ಕಳೆಯುತ್ತಾರೆ.

ಇನ್ನು ಗುರುತಿನ ವಿಷಯ. ಪ್ರತಿ ರೂಟರ್‌ಗೂ ಅದರದೇ ಆದ 48 ಬಿಟ್ಟಿನ ಮ್ಯಾಕ್ ವಿಳಾಸವಿರುತ್ತದೆ. ಜಗತ್ತಿನ ಇನ್ನಾವ ಪೆಟ್ಟಿಗೆಗೂ ಅದು ಇರಬಾರದು. ಪಾಲಿನ ಪಟ್ಟಿಯಲ್ಲಿ ಅದಕ್ಕೊಂದು ಹೆಸರಿಲ್ಲ. ಈ ರೂಟರ್‌ಗಳಲ್ಲಿ ಅದು ಅಡಗಿರುವುದು ಬೂಟ್‌ಲೋಡರ್‌ನ 128 ಕೆಬಿಯ ಕಟ್ಟಕಡೆಯ ಒಂದು ಕೆಬಿಯಲ್ಲಿ. ಮಾಡೆಲ್ ಗುರುತೂ ಡಬ್ಲ್ಯುಪಿಎಸ್ ಪಿನ್ನೂ ಅದೇ ಕೆಬಿಯಲ್ಲಿವೆ. ಬೂಟ್‌ಲೋಡರ್ ಪಾಲು ಎಂದು ಬರೆದದ್ದು ವಾಸ್ತವವಾಗಿ ಎರಡು ಪಾಲು: 127 ಕೆಬಿ ಆ ಆವೃತ್ತಿಯ ಎಲ್ಲ ರೂಟರ್‌ಗೂ ಸಮಾನವಾದ ಕೋಡು, 1 ಕೆಬಿ ಆ ಒಂದು ರೂಟರ್‌ಗೆ ಮಾತ್ರ ಸೇರಿದ್ದು. ಪಟ್ಟಿ ನೋಡಿ ಕೆಲಸ ಮಾಡುವ, ತಕ್ಕಮಟ್ಟಿಗೆ ತಿಳಿದ ಕೈಗಳೂ ಇಲ್ಲಿ ಜಾರುತ್ತವೆ. ಫುಲ್ ಡಂಪ್ ಹಾಕುವವನಿಗಂತೂ ಜಾರಿದ್ದೇ ಗೊತ್ತಾಗುವುದಿಲ್ಲ.

ಒಂದೇ ಮ್ಯಾಕ್ ಎರಡು ಕಡೆ ಇದ್ದರೆ ಏನು ಮಹಾ ಎಂಬ ಪ್ರಶ್ನೆ ಬರುತ್ತದೆ. ಎರಡೂ ಬೇರೆ ಬೇರೆ ಜಾಲದಲ್ಲಿದ್ದರೆ ಏನೂ ಇಲ್ಲ. ಬೆಂಗಳೂರಿನಂಥ ಊರಿನಲ್ಲಿ ಎರಡು ಅವಳಿ ರೂಟರ್‌ಗಳು ಎಂದೂ ಸಂಧಿಸದೆ ಹೋಗಬಹುದು. ಗುಂಡ್ಲುಪೇಟೆಯಲ್ಲಿ ಹಾಗಲ್ಲ. ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಮಾಡೆಲ್ಲಿಗೆ ಇರುವುದು ಒಂದೇ ಡಂಪ್ ಫೈಲು. ಅದನ್ನು ಹಾಕಿಸಿಕೊಂಡ ಬೇಗೂರಿನವನೂ ತೆರಕಣಾಂಬಿಯವನೂ ಪಕ್ಕದ ಬೀದಿಯವನೂ ಇಂಟರ್‌ನೆಟ್ ಪಡೆಯುವುದು ಬೆರಳೆಣಿಕೆಯ ಕೇಬಲ್ ಆಪರೇಟರ್‌ಗಳಿಂದ. ಊರು ಚಿಕ್ಕದಾದಷ್ಟೂ ಅವಳಿಗಳು ಎದುರುಬದುರಾಗುವುದು ಖಂಡಿತ. ಸ್ವಿಚ್ ಎಂಬ ಸಾಧನ ಯಾವ ಮ್ಯಾಕ್ ಯಾವ ಪೋರ್ಟಿನ ಕಡೆ ಇದೆ ಎಂದು ಬಂದ ಪ್ಯಾಕೆಟ್ಟುಗಳನ್ನು ನೋಡಿ ಕಲಿಯುತ್ತದೆ. ಎರಡು ಪೋರ್ಟಿನಿಂದ ಒಂದೇ ಮ್ಯಾಕ್ ಬಂದರೆ ಅದು ಕ್ಷಣಕ್ಕೊಮ್ಮೆ ಮನಸ್ಸು ಬದಲಿಸುತ್ತದೆ. ಒಬ್ಬನಿಗೆ ಬರಬೇಕಾದದ್ದು ಇನ್ನೊಬ್ಬನ ಮನೆಗೆ ಹೋಗುತ್ತದೆ. ಡಿಎಚ್‌ಸಿಪಿ ಸರ್ವರ್ ಇಬ್ಬರಿಗೂ ಒಂದೇ ಐಪಿ ವಿಳಾಸ ಕೊಡುತ್ತದೆ, ಅದರ ಪಾಲಿಗೆ ಇಬ್ಬರೂ ಒಬ್ಬರೇ. ಮನೆಯವರಿಗೆ ಕಾಣುವುದು ನೆಟ್ಟು ಬಂದು ಬಂದು ಹೋಗುವುದು ಮಾತ್ರ. ರಾತ್ರಿ ಇನ್ನೊಂದು ಮನೆಯವರು ರೂಟರ್ ಆರಿಸಿ ಮಲಗಿದಾಗ ಎಲ್ಲ ಸರಿಹೋಗುತ್ತದೆ, ಬೆಳಿಗ್ಗೆ ಮತ್ತೆ ಅದೇ ಕತೆ. ದೂರು ಹೋಗುವುದು ಆಪರೇಟರ್‌ಗೆ. ಆತ ಫೈಬರ್ ಬದಲಿಸುತ್ತಾನೆ, ಮಳೆಯನ್ನು ಬೈಯುತ್ತಾನೆ. ದುರಸ್ತಿ ಮಾಡಿದ ಅಂಗಡಿಯ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ. ಫುಲ್ ಡಂಪ್ ಕೆಲಸ ಮಾಡುತ್ತದೆ ಎಂಬ ನಂಬಿಕೆ ಉಳಿದುಕೊಂಡಿರುವುದೂ ಇದರಿಂದಲೇ: ಅದರ ಕೆಡುಕು ಕಾಣಿಸುವುದು ಬೇರೆಯವರ ಮೇಜಿನ ಮೇಲೆ.

ಮ್ಯಾಕ್ ಕ್ಲೋನ್ ಎಂಬ ಆಯ್ಕೆ ರೂಟರ್‌ನ ಪುಟದಲ್ಲೇ ಇದೆಯಲ್ಲ, ಅದರಲ್ಲಿ ಬದಲಿಸಿಕೊಂಡರೆ ಮುಗಿಯಿತಲ್ಲ ಎಂಬುದು ಮುಂದಿನ ಸಮರ್ಥನೆ. ಆ ಆಯ್ಕೆ ಬದಲಿಸುವುದು ಹೊರಗಿನ ವ್ಯಾನ್ ಪೋರ್ಟಿನ ಮ್ಯಾಕ್ ಒಂದನ್ನು. ಒಳಗಿನ ಲ್ಯಾನ್ ಮತ್ತು ವೈಫೈ ಮ್ಯಾಕ್ ಹಳೆಯವೇ ಇರುತ್ತವೆ. ಬದಲಾದದ್ದೂ ಬರೆದಿಡುವುದು ಕಾನ್ಫಿಗ್ ಪಾಲಿನಲ್ಲಿ. ಡಬ್ಬಿಯ ಹಿಂಬದಿಯ ರೀಸೆಟ್ ಗುಂಡಿ ಒತ್ತಿದ ದಿನ ಅದೂ ಹೋಗುತ್ತದೆ. ಬೂಟ್‌ಲೋಡರ್ ಪಾಲಿನ ಆರು ಬೈಟನ್ನು ಸರಿಯಾಗಿ ತಿದ್ದುವ ಬದಲು ಅದರ ಮೇಲೆ ಮುಸುಕು ಹಾಕುವ ಕೆಲಸ ಇದು.

ಕಾನ್ಫಿಗ್ ಪಾಲಿನದು ಇನ್ನೂ ಅಸಹ್ಯದ ಸಂಗತಿ. ಬಳಕೆಯಲ್ಲಿದ್ದ ರೂಟರ್‌ನಿಂದ ಎತ್ತಿದ ಡಂಪಿನಲ್ಲಿ ಅದರ ಯಜಮಾನನ ವೈಫೈ ಹೆಸರು, ವೈಫೈ ಪಾಸ್‌ವರ್ಡು, ಇಂಟರ್‌ನೆಟ್ ಸಂಪರ್ಕಕ್ಕೆ ಬೇಕಾದ ಪಿಪಿಪಿಒಇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡು ಎಲ್ಲವೂ ಇರುತ್ತವೆ. ಅದನ್ನು ಹತ್ತು ಪೆಟ್ಟಿಗೆಗೆ ತುಂಬಿದರೆ ಹತ್ತು ಮನೆಗೆ ಒಬ್ಬನ ಕೀಲಿಕೈ ಹಂಚಿದಂತಾಯಿತು. ಎತ್ತುವ ಮೊದಲು ರೀಸೆಟ್ ಮಾಡಿಕೊಂಡಿದ್ದರೆ ಅಷ್ಟು ಅಪಾಯವಿಲ್ಲ, ನಿಜ. ಆದರೆ ರೀಸೆಟ್ ಮಾಡಬೇಕೆಂದು ಹೊಳೆಯಬೇಕಾದರೆ ಡಂಪಿನಲ್ಲಿ ಕಾನ್ಫಿಗ್ ಎಂಬ ಬೇರೆ ಪಾಲಿದೆ ಎಂದು ತಿಳಿದಿರಬೇಕು. ಅಷ್ಟು ತಿಳಿದವನು ಫುಲ್ ಡಂಪ್ ಹಾಕುವುದಿಲ್ಲ.

ಅತಿ ದೊಡ್ಡ ನಷ್ಟ ಆರ್ಟ್ ಪಾಲಿನದು, ಮತ್ತು ಅತಿ ಕಡಿಮೆ ಕಾಣುವುದೂ ಅದೇ. ರೇಡಿಯೊ ಚಿಪ್ಪು, ಆಂಪ್ಲಿಫೈಯರ್, ಹರಳು, ಆಂಟೆನಾ ದಾರಿಯ ಕೆಪಾಸಿಟರ್‌ಗಳು, ಯಾವುವೂ ಎರಡು ಬೋರ್ಡಿನಲ್ಲಿ ಒಂದೇ ಥರ ಇರುವುದಿಲ್ಲ. ಅಗ್ಗದ ಬಿಡಿಭಾಗಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅದಕ್ಕಾಗಿ ಕಾರ್ಖಾನೆಯಲ್ಲಿ ಪ್ರತಿ ಬೋರ್ಡಿಗೂ ಅಳತೆ ಉಪಕರಣ ಹಚ್ಚಿ, ಇಷ್ಟು ಬಲ ಕೇಳಿದಾಗ ನಿಜಕ್ಕೂ ಎಷ್ಟು ಹೊರಬಂತು ಎಂದು ನೋಡಿ, ಆ ಅಂಕಿಗಳನ್ನು ಆರ್ಟ್ ಪಾಲಿನಲ್ಲಿ ಬರೆಯುತ್ತಾರೆ. ಈ ಪೀಳಿಗೆಯ ಅಥೆರಾಸ್ ಚಿಪ್ಪುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಮೂರು ಆವರ್ತನಗಳಿಗೆ ಇಂಥ ಅಳತೆ ಇರುತ್ತದೆ. ನಡುವಿನ ಚಾನಲ್‌ಗಳಿಗೆ ಡ್ರೈವರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅಳತೆಯ ಹೊತ್ತಿನ ತಾಪ, ಹರಳಿನ ಆವರ್ತನವನ್ನು ಕೂದಲೆಳೆಯಷ್ಟು ಸರಿಸುವ ಅಂಕಿ, ಯಾವ ದೇಶದ ಚಾನಲ್ ನಿಯಮ ಅನ್ವಯ ಎಂಬ ಸಂಕೇತ, ಇವೂ ಅಲ್ಲೇ.

ಬೇರೊಂದು ಬೋರ್ಡಿನ ಅಳತೆ ತಂದು ತುಂಬಿದರೆ ರೂಟರ್ ಸಾಯುವುದಿಲ್ಲ. ಸತ್ತಿದ್ದರೆ ಒಳ್ಳೆಯದಿತ್ತು, ತಪ್ಪು ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಅದು ಬೇಕಾದದ್ದಕ್ಕಿಂತ ಕಡಿಮೆ ಬಲದಲ್ಲಿ ಮಾತಾಡುತ್ತದೆ, ಇಲ್ಲವೇ ಹೆಚ್ಚು ಬಲದಲ್ಲಿ ಕಿರುಚಿ ಅಲೆಯ ಆಕಾರವನ್ನೇ ಕೆಡಿಸಿಕೊಳ್ಳುತ್ತದೆ. ಮೇಜಿನ ಮೇಲೆ, ಒಂದು ಮಾರು ದೂರದಲ್ಲಿ ಎರಡೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಪೂರ್ತಿ ಗೆರೆ ಕಾಣುತ್ತದೆ. ಗೊತ್ತಾಗುವುದು ಹಂಗಳದಲ್ಲೋ ಹರವೆಯಲ್ಲೋ ಮನೆಯ ಮುಂದಿನ ಕೋಣೆಯಿಂದ ಹಿತ್ತಲಿನ ಕೊಟ್ಟಿಗೆಯವರೆಗೆ ಬರುತ್ತಿದ್ದ ಸಿಗ್ನಲ್ ಅಡುಗೆಮನೆಗೇ ನಿಂತಾಗ. ದೇಶದ ಸಂಕೇತದ ಮಾತು ಬೇರೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ 1ರಿಂದ 13ರವರೆಗಿನ ಚಾನಲ್ ಬಳಕೆಯಲ್ಲಿವೆ. ಅಮೆರಿಕಕ್ಕೆಂದು ಮಾಡಿದ ಪೆಟ್ಟಿಗೆಯ ಡಂಪ್ ಬಿದ್ದರೆ 12 ಮತ್ತು 13 ಮಾಯವಾಗುತ್ತವೆ. ಫೋನಿನ ತಪ್ಪು ಎಂದು ಫೋನು ರಿಪೇರಿಗೆ ಬಂದರೂ ಬರಬಹುದು, ಅದೇ ಅಂಗಡಿಗೆ.

ಒಂದೇ ಮಾಡೆಲ್ ಅಲ್ಲವೇ, ಎಲ್ಲ ಒಂದೇ ತಾನೆ ಎನ್ನುವುದು ಇದಕ್ಕೆಲ್ಲ ಕೊಡುವ ಒಟ್ಟು ಉತ್ತರ. ಮಾಡೆಲ್ ಎಂಬುದು ಮಾರುವವರ ಹೆಸರು. 841ಎನ್ ಎಂಬ ಒಂದೇ ಹೆಸರಿನಡಿ 8ನೇ ಆವೃತ್ತಿಯಲ್ಲಿ ಇರುವುದು ಅಥೆರಾಸ್ ಎಆರ್9341, 9ನೇ ಆವೃತ್ತಿಯಲ್ಲಿ ಕ್ವಾಲ್ಕಾಮ್ ಅಥೆರಾಸ್ ಕ್ಯೂಸಿಎ9533, 13ನೇ ಆವೃತ್ತಿಯಲ್ಲಿ ಬೇರೆಯೇ ಕಂಪನಿಯ ಮೀಡಿಯಾಟೆಕ್ ಚಿಪ್ಪು, ಅದಕ್ಕೆ ತಕ್ಕ 8 ಎಂಬಿ ಫ್ಲ್ಯಾಶ್, ಬೇರೆಯೇ ಪಾಲು. ಹೊರಗಿನ ಬಿಳಿ ಡಬ್ಬಿ ಹೆಚ್ಚುಕಡಿಮೆ ಅದೇ. ಆವೃತ್ತಿಯೂ ಒಂದೇ ಆಗಿದ್ದರೆ ಕೋಡಿನ ಪಾಲುಗಳು ಹೊಂದುತ್ತವೆ, ಗುರುತು ಮತ್ತು ಅಳತೆಯ ಪಾಲುಗಳು ಹೊಂದುವುದಿಲ್ಲ. ಹೊಂದಬಾರದೆಂದೇ ಅವನ್ನು ಬೇರೆ ಇಟ್ಟಿರುವುದು.

ಇಷ್ಟಕ್ಕೂ ಈ ರೂಟರ್‌ಗಳು 'ಸಾಯುವುದು' ಹೇಗೆ? ಯುಗಾದಿ ಕಳೆದ ಮೇಲೆ ಈ ಸೀಮೆಯಲ್ಲಿ ಗುಡುಗು ಮಳೆ ಶುರು. ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಅಪ್‌ಗ್ರೇಡ್ ನಡೆಯುವಾಗ ಹೋದರೆ ಕರ್ನಲ್ ಅಥವಾ ರೂಟ್ ಫೈಲ್‌ಸಿಸ್ಟಮ್ ಅರ್ಧ ಅಳಿದು ಅರ್ಧ ಬರೆದು ನಿಲ್ಲುತ್ತದೆ. ದೀಪಗಳು ಒಮ್ಮೆ ಮಿಂಚಿ ಸುಮ್ಮನಾಗುತ್ತವೆ, ಪುಟ ತೆರೆಯುವುದಿಲ್ಲ. ಸತ್ತಿದೆ ಎಂದು ತೀರ್ಮಾನವಾಗುತ್ತದೆ. ಆ ಹೊತ್ತಿನಲ್ಲಿ ಬೂಟ್‌ಲೋಡರ್ ಇದ್ದಂತೆಯೇ ಇದೆ, ಆರ್ಟ್ ಇದ್ದಂತೆಯೇ ಇದೆ, ಮ್ಯಾಕ್ ಇದ್ದಲ್ಲೇ ಇದೆ. ಪಾಲು ಮಾಡಿಟ್ಟದ್ದರ ಫಲವೇ ಇದು. 841ರ 9ನೇ ಆವೃತ್ತಿಯಲ್ಲಾದರೆ ಡಬ್ಬಿಯ ತಿರುಪನ್ನೂ ಬಿಚ್ಚಬೇಕಿಲ್ಲ. ರೀಸೆಟ್ ಗುಂಡಿ ಒತ್ತಿಹಿಡಿದು ಆನ್ ಮಾಡಿದರೆ ಬೂಟ್‌ಲೋಡರ್ ತಂತಿಯ ಆಚೆ 192.168.0.66 ವಿಳಾಸದಲ್ಲಿರುವ ಕಂಪ್ಯೂಟರ್‌ನಿಂದ ಟಿಎಫ್‌ಟಿಪಿ ಮೂಲಕ ನಿಗದಿತ ಹೆಸರಿನ ಫೈಲನ್ನು ತಾನೇ ಕೇಳಿ ಪಡೆದು, ಕರ್ನಲ್ ಮತ್ತು ರೂಟ್ ಫೈಲ್‌ಸಿಸ್ಟಮ್ ಪಾಲುಗಳಿಗಷ್ಟೇ ಬರೆದುಕೊಳ್ಳುತ್ತದೆ. 740ಎನ್‌ನ 4ನೇ ಆವೃತ್ತಿಗೆ ಬೋರ್ಡಿನ ಸೀರಿಯಲ್ ಕಾಲುಗಳಿಗೆ ತಂತಿ ಹಾಕಿ, 1,15,200 ವೇಗದಲ್ಲಿ ಕೂತು, ಏಳುವ ಮೊದಲೇ ತಡೆದು, ಆಜ್ಞೆ ಕೊಡಬೇಕು. ಅಲ್ಲಿ ಅಳಿಸುವ ಆಜ್ಞೆಗೆ ಕೊಡುವ ಅಳತೆಯೂ ಅದೇ 3840 ಕೆಬಿ, ಮೊದಲ 128ನ್ನು ಬಿಟ್ಟು. ಬದುಕಿರುವ ಪಾಲುಗಳನ್ನೂ ಸೇರಿಸಿ ಎಲ್ಲವನ್ನೂ ಅಳಿಸಿ ಫುಲ್ ಡಂಪ್ ಹಾಕುವವನು ಕೆಡದೆ ಉಳಿದದ್ದನ್ನು ತನ್ನ ಕೈಯಾರೆ ಕೆಡಿಸುತ್ತಾನೆ.

ಫೈಬರ್ ಬಂದ ಮೇಲೆ ಈ ಮಾತೆಲ್ಲ ಹಳತಾಯಿತು ಎನ್ನುವಂತಿಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ (ಮುಂದೆ ಭಾರತ್‌ನೆಟ್ ಎಂದಾಯಿತು) ಗ್ರಾಮ ಪಂಚಾಯಿತಿಗೆ ತಂದದ್ದು ಜಿಪಾನ್ ಎಂಬ ಫೈಬರ್ ತಂತ್ರಜ್ಞಾನದ, ಬಳಕೆದಾರರ ತುದಿಯಲ್ಲಿರುವ ಒಎನ್‌ಟಿ ಪೆಟ್ಟಿಗೆಯನ್ನು. ಮನೆಗಳ ಫೈಬರ್ ಸಂಪರ್ಕದಲ್ಲೂ ಇರುವುದು ಅದೇ ಬಗೆ. ಅಲ್ಲಿ ಮ್ಯಾಕ್ ಜೊತೆಗೆ ಎಂಟು ಬೈಟಿನ ಜಿಪಾನ್ ಕ್ರಮಸಂಖ್ಯೆಯೂ ಇರುತ್ತದೆ: ನಾಲ್ಕು ತಯಾರಕರ ಸಂಕೇತ, ನಾಲ್ಕು ಆ ಪೆಟ್ಟಿಗೆಯದೇ. ಆಚೆ ತುದಿಯ ಒಎಲ್‌ಟಿ ಗಿರಾಕಿಯನ್ನು ಗುರುತಿಸುವುದು ಆ ಸಂಖ್ಯೆಯಿಂದ. ಡಂಪ್ ಹಾಕಿದ ಒಎನ್‌ಟಿ ಮೂಲದ ಪೆಟ್ಟಿಗೆಯಿರುವ ಅದೇ ಫೈಬರ್ ಕವಲಿಗೆ ಬಂದರೆ ಎರಡೂ ಒಂದೇ ಹೆಸರಿನಲ್ಲಿ ಹಾಜರಿ ಹೇಳುತ್ತವೆ. ಜೊತೆಗೆ ಎಷ್ಟೋ ಒಎನ್‌ಟಿಗಳಲ್ಲಿ ಇರುವುದು ನ್ಯಾಂಡ್ ಫ್ಲ್ಯಾಶ್. ನ್ಯಾಂಡ್‌ನಲ್ಲಿ ಹುಟ್ಟಿನಿಂದಲೇ ಕೆಲವು ಬ್ಲಾಕು ಕೆಟ್ಟಿರಬಹುದು, ಯಾವ ಬ್ಲಾಕು ಎಂಬುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಒಂದರ ಹಸಿ ಡಂಪನ್ನು ಇನ್ನೊಂದಕ್ಕೆ ಹಾಗೇ ಸುರಿದರೆ ಜಾಗಗಳೇ ತಾಳೆಯಾಗುವುದಿಲ್ಲ. ಫುಲ್ ಡಂಪ್ ವಾದ ಇಲ್ಲಿ ತತ್ವದಲ್ಲಷ್ಟೇ ಅಲ್ಲ, ಕೈಕೆಲಸದಲ್ಲೂ ಸೋಲುತ್ತದೆ.

ಪಾಲು ಮಾಡುವ ವಿಚಾರವನ್ನು ಒಎನ್‌ಟಿಗಳ ಮಾನದಂಡ ಇನ್ನೂ ಮುಂದೆ ಒಯ್ದಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.988 ಪ್ರಕಾರ ಪೆಟ್ಟಿಗೆಯಲ್ಲಿ ತಂತ್ರಾಂಶದ ಎರಡು ಪ್ರತಿ ಇಡಲು ಎರಡು ಜಾಗ. ಒಂದು ಓಡುತ್ತಿರುವಾಗ ಹೊಸದನ್ನು ಇನ್ನೊಂದರಲ್ಲಿ ಬರೆದು, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅದನ್ನು ಖಾಯಂ ಮಾಡುವುದು. ನಡುವೆ ಕರೆಂಟು ಹೋದರೆ ಹಳೆಯದು ಇದ್ದೇ ಇದೆ. 4 ಎಂಬಿಯ ರೂಟರ್‌ಗೆ ಈ ಸುಖವಿಲ್ಲ, ಎರಡು ಪ್ರತಿ ಹಿಡಿಸುವಷ್ಟು ಜಾಗವೇ ಅದರಲ್ಲಿಲ್ಲ. ಆದ್ದರಿಂದಲೇ ಅದರ ಇದ್ದ ಎಲ್ಲೆಗಳನ್ನು ಕಾಯುವುದು ಹೆಚ್ಚು ಮುಖ್ಯ.

ಫುಲ್ ಡಂಪ್ ವಾದದ ಅವಳಿ ಇನ್ನೊಂದಿದೆ: ಸತ್ತ ರೂಟರ್ ಎಸೆದು ಹೊಸದು ತರುವುದು. ದುರಸ್ತಿಗೆಂದು ಹೋದರೆ ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್, ಹೋಗಿ ಬರುವ ದಿನಕ್ಕಿಂತ ಹೊಸ ಪೆಟ್ಟಿಗೆ ಅಗ್ಗ ಎನ್ನುವವರಿದ್ದಾರೆ. ಮೇಲುನೋಟಕ್ಕೆ ಎದುರುಬದುರಾದ ಈ ಎರಡೂ ನಿಂತಿರುವುದು ಒಂದೇ ತಪ್ಪಿನ ಮೇಲೆ, ಒಂದು ಕಡೆ ಕೆಟ್ಟರೆ ಎಲ್ಲ ಕೆಟ್ಟಂತೆ ಎಂಬುದರ ಮೇಲೆ.

ಪೂರ್ತಿ ಡಂಪಿಗೆ ನ್ಯಾಯವಾದ ಒಂದು ಜಾಗವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಕೈಹಾಕುವ ಮೊದಲು ಆ ರೂಟರ್‌ನದೇ ಚಿಪ್ಪನ್ನು ಪೂರ್ತಿ ಓದಿಟ್ಟುಕೊಳ್ಳುವುದು ಕಡ್ಡಾಯವೆನ್ನಬೇಕು. ಎರಡು ಸಲ ಓದಿ, ಎರಡೂ ಫೈಲು ಬೈಟಿಗೆ ಬೈಟು ತಾಳೆಯಾಗುತ್ತವೆಯೇ ಎಂದು ನೋಡಬೇಕು. ಬೋರ್ಡಿನ ಮೇಲೇ ಕ್ಲಿಪ್ ಹಾಕಿ ಓದುವಾಗ ಚಿಪ್ಪಿಗೆ ಕೊಟ್ಟ ಕರೆಂಟು ಪ್ರೊಸೆಸರ್‌ಗೂ ಹರಿದು ಓದು ತಪ್ಪುವುದು ಮಾಮೂಲು. ತಾಳೆಯಾಗದಿದ್ದರೆ ಚಿಪ್ಪನ್ನು ಬಿಡಿಸಿ ಓದಬೇಕು. ಎಲ್ಲೆಡೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ 3.3 ವೋಲ್ಟಿನ ಈ ಚಿಪ್ಪುಗಳ ಡೇಟಾ ಕಾಲುಗಳಿಗೆ 5 ವೋಲ್ಟ್ ಕೊಡುತ್ತದೆ ಎಂಬುದೂ ನೆನಪಿರಲಿ. ಆಮೇಲೆ ಅಂಗಡಿಯಲ್ಲಿರುವ ಡಂಪಿನಿಂದ ನಡುವಿನ 3840 ಕೆಬಿ ಮಾತ್ರ ತೆಗೆದು, ಇದೇ ರೂಟರ್‌ನ ಮೊದಲ 128 ಮತ್ತು ಕೊನೆಯ 64ರ ನಡುವೆ ಕೂರಿಸಬೇಕು. ಕಾನ್ಫಿಗ್‌ನ 64 ಕೆಬಿಯನ್ನು ಖಾಲಿ ಬಿಟ್ಟರೆ ರೂಟರ್ ಕಾರ್ಖಾನೆಯ ಹೊಂದಿಕೆಯೊಡನೆ ಏಳುತ್ತದೆ. ಯಾವ ಹೆಕ್ಸ್ ಎಡಿಟರ್‌ನಲ್ಲಾದರೂ ಇದು ಕೆಲವು ನಿಮಿಷದ ಕೆಲಸ. ಪೂರ್ತಿ ಡಂಪ್ ಬರೆಯಲು ಹಿಡಿಯುವ ಹೊತ್ತೂ ಇದಕ್ಕಿಂತ ತೀರ ಕಡಿಮೆಯೇನಲ್ಲ.

ಹಳೆಯ ಚಿಪ್ಪು ಸಿಡಿಲಿಗೆ ಸುಟ್ಟು ಓದಲೇ ಬಾರದಿದ್ದಾಗ ಮಾತ್ರ ಬೇರೆ ದಾರಿಯಿಲ್ಲದೆ ಇನ್ನೊಂದರ ಬೂಟ್‌ಲೋಡರ್ ಮತ್ತು ಆರ್ಟ್ ಹಾಕಬೇಕಾಗುತ್ತದೆ. ಆಗಲೂ ಮ್ಯಾಕ್ ಮತ್ತು ಪಿನ್ ಕಳೆದಿರುವುದಿಲ್ಲ, ರೂಟರ್‌ನ ಅಡಿಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಅವನ್ನು ಬೂಟ್‌ಲೋಡರ್ ಪಾಲಿನ ಕೊನೆಯ ಕೆಬಿಯಲ್ಲಿ ಬರೆಯಬಹುದು. ರೇಡಿಯೊದ ಅಳತೆಯನ್ನು ಮಾತ್ರ ಚೀಟಿಯಲ್ಲಿ ಯಾರೂ ಮುದ್ರಿಸಿಲ್ಲ, ಅಂಗಡಿಯಲ್ಲಿ ಮತ್ತೆ ಅಳೆಯುವ ಸಲಕರಣೆಯೂ ಇರುವುದಿಲ್ಲ. ಅಂಥ ಪೆಟ್ಟಿಗೆಯ ವೈಫೈ ಮೊದಲಿನಂತಿರದು ಎಂದು ಗಿರಾಕಿಗೆ ಹೇಳಿಯೇ ಕೊಡಬೇಕು. ತಂತಿಯ ನಾಲ್ಕು ಪೋರ್ಟುಗಳಿಗೆ ಆರ್ಟ್ ಪಾಲಿನ ಅಳತೆ ಬೇಕಿಲ್ಲ. ವೈಫೈ ಆರಿಸಿ, ಕಂಪ್ಯೂಟರ್ ಅಂಗಡಿಯಲ್ಲೋ ಸಿಸಿಟಿವಿ ಇರುವ ಕಡೆಯಲ್ಲೋ ಅದನ್ನು ತಂತಿಯ ರೂಟರ್ ಆಗಿ ಧಾರಾಳವಾಗಿ ಬಳಸಬಹುದು.